ಅರಣ್ಯ ಪ್ರದೇಶದ ರಸ್ತೆಗಳಲ್ಲಿ ವಾಹನಕ್ಕೆ ಜಿಂಕೆ ಅಡ್ಡ ಬಂದಾಗ

ಅರಣ್ಯಗಳ ಮೂಲಕ ಹಾಗೂ ಅರಣ್ಯದಂಚಿನ ಗ್ರಾಮಗಳ ಮೂಲಕ ಹಾದುಹೋಗುವ ರಸ್ತೆಗಳಲ್ಲಿ ವಾಹನಗಳಿಗೆ ಸಿಲುಕಿ ಜಿಂಕೆ, ಕಡವೆ, ಕಾಡುಕುರಿ ಮುಂತಾದ ವನ್ಯಪ್ರಾಣಿಗಳು ಸಾವನ್ನಪ್ಪುತ್ತಿವೆ. ಇಂತಹ ಅಪಘಾತಗಳಲ್ಲಿ ವಾಹನದಲ್ಲಿರುವವರೂ, ವಿಶೇಷವಾಗಿ ದ್ವಿಚಕ್ರ ವಾಹನ ಸವಾರರು, ತೀವ್ರವಾಗಿ ಗಾಯಗೊಳ್ಳುತ್ತಾರೆ. ಅಪಘಾತವನ್ನು ತಪ್ಪಿಸುವ ಬಗೆ, ಅಪಘಾತವಾದಲ್ಲಿ ಅನುಸರಿಸಬೇಕಾದ ಕ್ರಮ ಹಾಗೂ ಈ ಕುರಿತ ಕಾನೂನಿನ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಡಿಕ್ಕಿಯಾದ ನಂತರದ ಅರ್ಧ ಗಂಟೆಯಲ್ಲಿ ಕರುಣೆಯಿಂದಲೇ ಮಾಡುವ ಕೆಲವು ಕೆಲಸಗಳು ಗಾಯಗೊಂಡ ಪ್ರಾಣಿಯ ಸಾವಿಗೆ ಕಾರಣವಾಗಬಲ್ಲವು. ಆದುದರಿಂದ ಆ ಭಾಗವನ್ನು ಇಲ್ಲಿ ವಿವರವಾಗಿ ಕೊಡಲಾಗಿದೆ.

ಪ್ರಾಣಿಗಳು ರಸ್ತೆಗೆ ಬರುವುದೇಕೆ

ರಾಜ್ಯದ ರಸ್ತೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಚುಕ್ಕೆ ಜಿಂಕೆ. ಬೆಳೆದ ಗಂಡು ಜಿಂಕೆ ಸಾಮಾನ್ಯವಾಗಿ 70 ರಿಂದ 90 ಕಿಲೋಗ್ರಾಂ ತೂಗುತ್ತದೆ. ಕಡವೆಯು ಇದಕ್ಕಿಂತ ಬಹಳ ದೊಡ್ಡದು. ಬೆಳೆದ ಗಂಡು ಕಡವೆಯ ತೂಕ 200 ಕಿಲೋಗ್ರಾಂ ಮೀರುತ್ತದೆ. ಕಡವೆಯ ಕಾಲುಗಳು ಉದ್ದವಾಗಿರುವುದರಿಂದ ಕಾರಿನ ಮುಂಭಾಗವು ಮೊದಲು ಕಾಲುಗಳಿಗೆ ತಗಲಿ, ದೇಹವು ಬಾನೆಟ್ ಮೇಲೆ ಉರುಳಿ ಮುಂಗಾಜಿಗೆ ಅಪ್ಪಳಿಸುವ ಸಂಭವವಿರುತ್ತದೆ. ಮಲೆನಾಡಿನ ರಸ್ತೆಗಳಲ್ಲಿ ಒಂಟಿಯಾಗಿ ಓಡಾಡುವ ಕಾಡುಕುರಿಯು ಚಿಕ್ಕ ಪ್ರಾಣಿಯಾದರೂ ಅದನ್ನು ತಪ್ಪಿಸಲು ಹೋಗಿ ಬೈಕ್ ಸವಾರರು ಬೀಳುವುದುಂಟು. ಬಯಲುಸೀಮೆಯಲ್ಲಿ, ಅಂದರೆ ರಾಣೆಬೆನ್ನೂರಿನ ಸುತ್ತಮುತ್ತ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನ ಆಸುಪಾಸಿನಲ್ಲಿ ಹಾಗೂ ಉತ್ತರ ಕರ್ನಾಟಕದ ಎರೆಹೊಲಗಳ ನಡುವೆ, ಕೃಷ್ಣಮೃಗಗಳು ಹಗಲಿನಲ್ಲಿಯೇ ನೆಗೆಯುತ್ತಾ ರಸ್ತೆ ದಾಟುತ್ತವೆ. ಪ್ರಾಣಿಶಾಸ್ತ್ರದ ಪ್ರಕಾರ ಕೃಷ್ಣಮೃಗವು ಜಿಂಕೆಯ ಕುಟುಂಬಕ್ಕೆ ಸೇರಿದುದಲ್ಲವಾದರೂ ಈ ಪುಟದ ಸೂಚನೆಗಳು ಅದಕ್ಕೂ ಅನ್ವಯಿಸುತ್ತವೆ.

ಜಿಂಕೆಗಳು ದಾರಿ ತಪ್ಪಿ ರಸ್ತೆಗೆ ಬರುತ್ತವೆ ಎಂಬ ಅಭಿಪ್ರಾಯ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ. ರಸ್ತೆಯ ಇಕ್ಕೆಲಗಳ ಪೊದೆಗಳನ್ನು ಕಡಿದು ತೆರವುಗೊಳಿಸಿದ ಜಾಗದಲ್ಲಿ ಮೊದಲ ಮಳೆಗೆ ಎಳೆಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಅವು ಬರುತ್ತವೆ. ಬಯಲಾದ ಜಾಗದಲ್ಲಿ ಹುಲಿ, ಚಿರತೆಗಳು ಅಡಗಿ ಬರುವುದು ಕಷ್ಟವಾದುದರಿಂದ ಜಿಂಕೆಗಳ ಹಿಂಡು ರಾತ್ರಿ ಇಂತಹ ಕಡೆಗಳಲ್ಲಿ ತಂಗುವುದೂ ಉಂಟು. ಬೇಸಿಗೆಯಲ್ಲಿ ಒಂದು ಬದಿಯ ಕಾಡಿನಿಂದ ಮತ್ತೊಂದು ಬದಿಯ ಕೆರೆಗೆ ನೀರಿಗಾಗಿ ಹೋಗುವಾಗ ರಸ್ತೆಯನ್ನು ದಾಟಲೇಬೇಕಾಗುತ್ತದೆ. ಪ್ರವಾಸಿಗರು ವಾಹನ ನಿಲ್ಲಿಸಿ ಕೋತಿ, ಮುಸುವಗಳಿಗೆ ತಿಂಡಿ ಎಸೆಯುವುದು ಮತ್ತೊಂದು ಕಾರಣ. ಮರದ ಮೇಲೆ ಮುಸುವಗಳು ತಿಂದು ಬೀಳಿಸುವ ಹಣ್ಣು, ಎಲೆಗಳನ್ನು ಆಯ್ದು ತಿನ್ನುವುದು ಜಿಂಕೆಗಳ ಹಳೆಯ ರೂಢಿ. ಮುಸುವಗಳು ರಸ್ತೆಬದಿಯಲ್ಲಿ ನೆಲೆ ನಿಂತರೆ ಜಿಂಕೆಗಳೂ ಅಲ್ಲಿಗೆ ಬರುತ್ತವೆ.

ನಸುಕು ಹಾಗೂ ಮುಸ್ಸಂಜೆಯ ವೇಳೆಯಲ್ಲಿ ಚುಕ್ಕೆ ಜಿಂಕೆಗಳ ಓಡಾಟ ಹೆಚ್ಚು. ಕಡವೆಯು ಬಹುಮಟ್ಟಿಗೆ ರಾತ್ರಿಯ ಪ್ರಾಣಿ.

ವೇಗ ಮತ್ತು ಬೆಳಕು

ಪ್ರಾಣಿಯನ್ನು ಕಂಡ ಕ್ಷಣದಿಂದ ಚಾಲಕನ ಕಾಲು ಬ್ರೇಕಿನ ಮೇಲೆ ಬೀಳಲು ಒಂದರಿಂದ ಒಂದೂವರೆ ಸೆಕೆಂಡ್ ಬೇಕಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಒಣ ರಸ್ತೆಯಲ್ಲಿ, ಈ ಅವಧಿಯೂ ಸೇರಿ, ಸುಮಾರು 20 ರಿಂದ 26 ಮೀಟರ್ ದೂರದೊಳಗೆ ನಿಲ್ಲುತ್ತದೆ. 60 ಕಿ.ಮೀ. ವೇಗದಲ್ಲಿ ಇದೇ ದೂರ 37 ರಿಂದ 45 ಮೀಟರ್, 80 ಕಿ.ಮೀ. ವೇಗದಲ್ಲಿ 58 ರಿಂದ 69 ಮೀಟರ್. ಡಿಮ್ ಮಾಡಿದ ದೀಪದ ಬೆಳಕಿನಲ್ಲಿ ರಸ್ತೆ ಸ್ಪಷ್ಟವಾಗಿ ಕಾಣುವುದು ಸಾಮಾನ್ಯವಾಗಿ 40 ರಿಂದ 50 ಮೀಟರ್‌ವರೆಗೆ ಮಾತ್ರ. ಎಂದರೆ, 80 ಕಿ.ಮೀ. ವೇಗದಲ್ಲಿ ಹೋಗುವ ಚಾಲಕನಿಗೆ ಜಿಂಕೆ ಕಾಣಿಸುವ ವೇಳೆಗೆ ವಾಹನವನ್ನು ನಿಲ್ಲಿಸುವ ಅವಕಾಶ ಮೀರಿಹೋಗಿರುತ್ತದೆ; ಆತ ಎಷ್ಟೇ ನುರಿತವನಾಗಿದ್ದರೂ ಇದರಲ್ಲಿ ವ್ಯತ್ಯಾಸವಾಗುವುದಿಲ್ಲ. ಮಳೆಯಿಂದ ಒದ್ದೆಯಾದ ರಸ್ತೆಯಲ್ಲಿ ಈ ದೂರಗಳು ಇನ್ನೂ ಹೆಚ್ಚುತ್ತವೆ. ವೇಗವು ಎರಡು ಪಟ್ಟಾದಾಗ ಡಿಕ್ಕಿಯ ಹೊಡೆತದ ಶಕ್ತಿಯು ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ಜಿಂಕೆಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವೊಂದಿದೆ. ಕತ್ತಲೆಯಲ್ಲಿ ಅದರ ಕಣ್ಣು ಹೊಳೆಯುವುದು ಇದರಿಂದಲೇ. ಮಂದ ಬೆಳಕಿನಲ್ಲಿ ಚೆನ್ನಾಗಿ ಕಾಣಲು ನೆರವಾಗುವ ಈ ಕಣ್ಣು ವಾಹನದ ತೀಕ್ಷ್ಣ ಬೆಳಕಿಗೆ ಕೋರೈಸುತ್ತದೆ. ಹೀಗಾಗಿ ಪ್ರಾಣಿಯು ಓಡದೆ ರಸ್ತೆಯ ನಡುವೆಯೇ ಸ್ತಬ್ಧವಾಗಿ ನಿಲ್ಲುತ್ತದೆ. ಅದು ಚಾಲಕನನ್ನು ನೋಡಿ ದಾರಿ ಬಿಡುತ್ತದೆ ಎಂದು ಭಾವಿಸಬಾರದು.

ಪ್ರಾಣಿ ಎದುರಾದಾಗ

ದೂರದಲ್ಲಿ ಕಣ್ಣುಗಳ ಹೊಳಪು ಕಂಡ ಕೂಡಲೇ ವೇಗ ತಗ್ಗಿಸಿ, ಹೈ ಬೀಮ್‌ನಲ್ಲಿರುವ ದೀಪಗಳನ್ನು ಡಿಮ್ ಮಾಡತಕ್ಕದ್ದು. ಹಾರ್ನ್ ಎಡೆಬಿಡದೆ ಬಾರಿಸುವುದರಿಂದ ಹಿಂಡು ಚದುರಿ ಕೆಲವು ಪ್ರಾಣಿಗಳು ವಾಹನದ ಕಡೆಗೇ ಓಡಿಬರಬಹುದು. ಒಂದು ಜಿಂಕೆ ದಾಟಿದ ಮೇಲೆ ದಾರಿ ತೆರವಾಯಿತೆಂದು ಮುಂದೆ ಸಾಗುವುದು ಸಾಮಾನ್ಯವಾಗಿ ಆಗುವ ತಪ್ಪು. ಚುಕ್ಕೆ ಜಿಂಕೆಯು ಹಿಂಡಿನ ಪ್ರಾಣಿ. ಮುಂದಿನದು ದಾಟಿದ ದಾರಿಯಲ್ಲೇ ಹಿಂದಿನವು ಧಾವಿಸಿ ಬರುತ್ತವೆ. ಆದ್ದರಿಂದ ಕೆಲಕಾಲ ನಿಂತು, ಹಿಂಡು ಪೂರ್ತಿ ದಾಟಿದುದನ್ನು ಖಚಿತಪಡಿಸಿಕೊಂಡು ಹೊರಡಬೇಕು.

ಪ್ರಾಣಿಯು ತೀರ ಹತ್ತಿರದಲ್ಲಿ ಥಟ್ಟನೆ ಅಡ್ಡ ಬಂದರೆ ಸ್ಟೇರಿಂಗನ್ನು ನೇರವಾಗಿ ಹಿಡಿದು ಬಲವಾಗಿ ಬ್ರೇಕ್ ಹಾಕತಕ್ಕದ್ದು. ಪಕ್ಕಕ್ಕೆ ಎಳೆಯಬಾರದು. ಹೀಗೆ ಹೇಳುವುದು ನಿರ್ದಯವೆಂದು ತೋರಬಹುದು. ಆದರೆ ಜಿಂಕೆಯನ್ನು ಉಳಿಸಲು ಪಕ್ಕಕ್ಕೆ ಎಳೆದ ವಾಹನವು ಮರಕ್ಕೆ ಗುದ್ದುವ, ಕಂದಕಕ್ಕೆ ಉರುಳುವ ಅಥವಾ ಎದುರಿನಿಂದ ಬರುವ ಬಸ್ಸು, ಲಾರಿಗೆ ಸಿಲುಕುವ ಅಪಾಯವು ಜಿಂಕೆಗೆ ತಗಲುವ ಅಪಾಯಕ್ಕಿಂತ ದೊಡ್ಡದು. ಜಿಂಕೆಯೂ ಕೊನೆಯ ಕ್ಷಣದಲ್ಲಿ ಯಾವ ಕಡೆಗೆ ನೆಗೆಯುತ್ತದೆಂದು ಊಹಿಸಲಾಗದು. ದ್ವಿಚಕ್ರ ವಾಹನ ಸವಾರರು ಎರಡೂ ಬ್ರೇಕ್‌ಗಳನ್ನು ಒಟ್ಟಿಗೆ ಬಳಸಬೇಕು. ಹಿಂದೆ ಕುಳಿತವರೂ ಸೇರಿದಂತೆ ಹೆಲ್ಮೆಟ್ ಧರಿಸಿರಬೇಕು. ಅಡ್ಡ ಬಂದುದು ಆನೆ ಅಥವಾ ಕಾಟಿಯಾಗಿದ್ದಲ್ಲಿ ದೂರದಲ್ಲಿಯೇ ವಾಹನ ನಿಲ್ಲಿಸಿ ಕಾಯುವುದಲ್ಲದೆ ಬೇರೆ ದಾರಿಯಿಲ್ಲ.

ಡಿಕ್ಕಿಯಾದ ನಂತರ

ಮೊದಲು ವಾಹನದಲ್ಲಿರುವವರಿಗೆ ಪೆಟ್ಟಾಗಿದೆಯೇ ಎಂಬುದನ್ನು ನೋಡತಕ್ಕದ್ದು. ಗಾಯಾಳುಗಳಿದ್ದಲ್ಲಿ 108 ಅಥವಾ 112 ಸಂಖ್ಯೆಗೆ ಕರೆ ಮಾಡಬೇಕು. ನಾಲ್ಕೂ ಇಂಡಿಕೇಟರ್‌ಗಳನ್ನು ಹಾಕಿ ಹಿಂದಿನಿಂದ ಬರುವ ವಾಹನಗಳಿಗೆ ಸೂಚನೆ ನೀಡಬೇಕು. ಗ್ರಾಮದ ಬಳಿ ಅಥವಾ ಬಯಲು ರಸ್ತೆಯಲ್ಲಾದರೆ ತ್ರಿಕೋನ ಎಚ್ಚರಿಕೆ ಫಲಕವನ್ನೂ ಇಡಬಹುದು.

ಹುಲಿ ಸಂರಕ್ಷಿತ ಪ್ರದೇಶ ಮತ್ತು ಅಭಯಾರಣ್ಯಗಳ ಒಳಗಿನ ರಸ್ತೆಯಲ್ಲಿ ಕ್ರಮ ಬೇರೆಯೇ ಆಗಿರುತ್ತದೆ. ಅಲ್ಲಿ ವಾಹನದಿಂದ ಇಳಿಯಬಾರದು. ರಕ್ತದ ವಾಸನೆಗೆ ಬೇರೆ ಪ್ರಾಣಿಗಳು ಬರಬಹುದು. ಆನೆಗಳು ಸಮೀಪದಲ್ಲಿಯೇ ಇರಬಹುದು. ವಾಹನವು ಚಲಿಸುವ ಸ್ಥಿತಿಯಲ್ಲಿದ್ದರೆ ಮುಂದಿನ ಅರಣ್ಯ ತಪಾಸಣಾ ಠಾಣೆಯವರೆಗೆ ನಿಧಾನವಾಗಿ ಹೋಗಿ ಅಲ್ಲಿನ ಸಿಬ್ಬಂದಿಗೆ ವಿಷಯ ತಿಳಿಸಬೇಕು. ಉದಾಹರಣೆಗೆ ಬಂಡೀಪುರದ ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ ಮತ್ತು ಕೆಕ್ಕನಹಳ್ಳಗಳಲ್ಲಿ, ಕೇರಳದ ರಸ್ತೆಯಲ್ಲಿ ಮದ್ದೂರು ಮತ್ತು ಮೂಲೆಹೊಳೆಗಳಲ್ಲಿ ಇಂತಹ ಠಾಣೆಗಳಿವೆ. ಕಾಡಿನೊಳಗೆ ಹಲವೆಡೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಹೀಗಾಗಿ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದು ಅತ್ಯಗತ್ಯ. ‘ಕಾಡಿನ ನಡುವೆ, ಒಂದು ತಿರುವಿನಲ್ಲಿ’ ಎಂಬ ಮಾಹಿತಿಯಿಂದ ಸಿಬ್ಬಂದಿಯು ಗಾಯಗೊಂಡ ಪ್ರಾಣಿಯನ್ನು ಕತ್ತಲೆಯಲ್ಲಿ ಹುಡುಕಿ ತಲುಪಲಾರರು. ವಾಹನ ಕೆಟ್ಟು ನಿಂತಿದ್ದರೆ ಒಳಗೆಯೇ ಕುಳಿತು, ಹಾದುಹೋಗುವ ವಾಹನದವರ ಮೂಲಕ ಠಾಣೆಗೆ ಸುದ್ದಿ ಕಳುಹಿಸಬೇಕು.

ಉಳಿದ ಕಡೆಗಳಲ್ಲಿ ಅರಣ್ಯ ಸಹಾಯವಾಣಿ 1926, ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಛೇರಿ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಸಂಖ್ಯೆಯೂ ಇದೆ.

ಗಾಯಗೊಂಡ ಪ್ರಾಣಿ

ಗಾಯಗೊಂಡ ಜಿಂಕೆಯನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಪಟ್ಟಣದ ಪಶು ಆಸ್ಪತ್ರೆಗೆ ಒಯ್ಯಬೇಕೆಂದು ಅನೇಕರಿಗೆ ಅನ್ನಿಸುವುದು ಸಹಜ. ಇದನ್ನು ಮಾಡಕೂಡದು. ಜಿಂಕೆಯು ಮನುಷ್ಯನ ಸ್ಪರ್ಶವನ್ನು ಆಕಳು, ಮೇಕೆಗಳಂತೆ ಸಹಿಸುವ ಪ್ರಾಣಿಯಲ್ಲ. ಹಿಡಿದಾಗ, ಕಟ್ಟಿದಾಗ ಅದಕ್ಕೆ ಆಗುವ ಭೀತಿ ಮತ್ತು ಒದ್ದಾಟದಿಂದ ಸ್ನಾಯುಗಳು ಹಾನಿಗೊಂಡು, ಮೈಮೇಲೆ ದೊಡ್ಡ ಗಾಯವಿಲ್ಲದಿದ್ದರೂ ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಸಾಯಬಹುದು. ಪಶುವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ವನ್ಯಪ್ರಾಣಿಗೆ ಅರಿವಳಿಕೆ ನೀಡಿದ ನಂತರವೂ ಕಣ್ಣು ಮುಚ್ಚಿ, ಸದ್ದಿಲ್ಲದಂತೆ ಸಾಗಿಸುವುದು ಇದೇ ಕಾರಣಕ್ಕೆ. ಕೇವಲ ದಿಗ್ಭ್ರಮೆಗೊಂಡು ಬಿದ್ದ ಜಿಂಕೆಯು ಬಿಟ್ಟರೆ ತಾನಾಗಿಯೇ ಎದ್ದು ಕಾಡಿಗೆ ಹೋಗುವ ಸಾಧ್ಯತೆಯೂ ಇದೆ.

ಬಾಯಿಗೆ ನೀರು ಹಾಕಬಾರದು. ಪ್ರಜ್ಞೆ ಸರಿಯಾಗಿಲ್ಲದ ಪ್ರಾಣಿಯ ಶ್ವಾಸಕೋಶಕ್ಕೆ ನೀರು ಇಳಿಯಬಹುದು. ಸುತ್ತಲೂ ಗುಂಪುಗೂಡುವುದು, ಮುಖಕ್ಕೆ ಟಾರ್ಚ್ ಬಿಡುವುದು, ಹತ್ತಿರ ನಿಂತು ಛಾಯಾಚಿತ್ರ ತೆಗೆಯುವುದು ಇವೆಲ್ಲವೂ ಅದಕ್ಕೆ ಹಿಂಸೆಯೇ. ಕೊಂಬು ಮತ್ತು ಗೊರಸುಗಳಿಂದ ಮನುಷ್ಯರಿಗೂ ಆಳವಾದ ಗಾಯವಾಗಬಹುದು. ಊರ ಬಳಿಯಲ್ಲಾದರೆ ಸಾರ್ವಜನಿಕರು ಮಾಡಬಹುದಾದ ನಿಜವಾದ ಸಹಾಯವೊಂದಿದೆ: ದೂರದಲ್ಲಿ ನಿಂತು, ನಾಯಿಗಳು ಹತ್ತಿರ ಬಾರದಂತೆ ನೋಡಿಕೊಂಡು, ಸಿಬ್ಬಂದಿ ಬರುವವರೆಗೆ ಜನರನ್ನು ತಡೆಯುವುದು.

ತಾಯಿ ಸತ್ತ ಸ್ಥಳದ ಸಮೀಪ ಹುಲ್ಲಿನಲ್ಲಿ ಮರಿ ಅಡಗಿರಬಹುದು. ಮರಿ ಕಂಡುಬಂದಲ್ಲಿ ಅದನ್ನೂ ಮುಟ್ಟದೆ, ಅದರ ಜಾಗವನ್ನು ಸಿಬ್ಬಂದಿಗೆ ತೋರಿಸತಕ್ಕದ್ದು. ಮನೆಗೆ ಒಯ್ದು ಹಸುವಿನ ಹಾಲು ಕುಡಿಸಿ ಸಾಕುವುದು ಅಪರಾಧ.

ಸತ್ತ ಪ್ರಾಣಿಯ ಕಳೇಬರವು ರಸ್ತೆಯ ಮೇಲೆಯೇ ಉಳಿದರೆ ಅದನ್ನು ತಿನ್ನಲು ಬರುವ ಪ್ರಾಣಿ ಪಕ್ಷಿಗಳೂ ವಾಹನಗಳಿಗೆ ಬಲಿಯಾಗುತ್ತವೆ. ಮಾಹಿತಿಯನ್ನು ತಡಮಾಡದೆ ನೀಡಬೇಕೆಂದು ಕೋರುವುದಕ್ಕೆ ಇದೂ ಒಂದು ಕಾರಣ. ಸ್ಥಳ ಮಹಜರು ಮತ್ತು ಮರಣೋತ್ತರ ಪರೀಕ್ಷೆಯ ಏರ್ಪಾಡನ್ನು ಸಿಬ್ಬಂದಿಯೇ ಮಾಡುತ್ತಾರೆ.

ಕಾನೂನು

ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972 ರ 9 ನೇ ಕಲಮು ಬೇಟೆಯನ್ನು ನಿಷೇಧಿಸಿದೆ. ಆಕಸ್ಮಿಕವಾಗಿ ವಾಹನಕ್ಕೆ ಸಿಲುಕಿ ಪ್ರಾಣಿ ಸತ್ತಾಗ ತಮ್ಮ ಮೇಲೆ ಬೇಟೆಯ ಮೊಕದ್ದಮೆ ಬೀಳುತ್ತದೆಂಬ ಭಯದಿಂದ ಚಾಲಕರು ಸ್ಥಳ ಬಿಟ್ಟು ಓಡುವುದುಂಟು. ಆದರೆ ತಪ್ಪಾಗಿ ಕೊಲ್ಲಲ್ಪಡುವ ಪ್ರಾಣಿಯನ್ನು ಕಾಯಿದೆಯೇ ಪ್ರತ್ಯೇಕವಾಗಿ ಹೆಸರಿಸಿದೆ. 39 ನೇ ಕಲಮಿನ ಪ್ರಕಾರ, ಸತ್ತು ಬಿದ್ದ ಅಥವಾ ತಪ್ಪಾಗಿ ಕೊಲ್ಲಲ್ಪಟ್ಟ ವನ್ಯಪ್ರಾಣಿಯು ಸರ್ಕಾರದ ಸ್ವತ್ತು. ಅಂತಹ ಸ್ವತ್ತು ಯಾವುದೇ ರೀತಿಯಲ್ಲಿ ಕೈಸೇರಿದವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಿ, ಕೇಳಿದಾಗ ಒಪ್ಪಿಸತಕ್ಕದ್ದು. ಕೂಡಲೇ ತಿಳಿಸಿದ ಚಾಲಕನ ಮಾತಿಗೂ, ನಂತರ ಪತ್ತೆಯಾಗಿ ಸಿಕ್ಕಿಬಿದ್ದ ಚಾಲಕನ ಮಾತಿಗೂ ತನಿಖೆಯಲ್ಲಿ ಒಂದೇ ಬೆಲೆ ಇರುವುದಿಲ್ಲ. ಅತಿವೇಗ, ನಿರ್ಲಕ್ಷ್ಯದ ಚಾಲನೆ ಅಥವಾ ನಿಷೇಧಿತ ವೇಳೆಯ ಸಂಚಾರ ಕಂಡುಬಂದಲ್ಲಿ ಆ ಬಗ್ಗೆ ಪ್ರತ್ಯೇಕ ಕ್ರಮ ಜರುಗಿಸಬಹುದಾಗಿದೆ.

‘ಹೇಗೂ ಸತ್ತಿದೆ’ ಎಂದು ಮಾಂಸವನ್ನು ಹಂಚಿಕೊಳ್ಳುವುದು ಕೆಲವೆಡೆ ನಡೆಯುತ್ತದೆ. ಪ್ರಾಣಿಯು ಹೇಗೆ ಸತ್ತಿದ್ದರೂ ಅದರ ಮಾಂಸ, ಚರ್ಮ, ಕೊಂಬು ಸರ್ಕಾರದ ಸ್ವತ್ತೇ ಆಗಿರುವುದರಿಂದ ಅವುಗಳನ್ನು ಇಟ್ಟುಕೊಳ್ಳುವುದು ಅಪರಾಧವಾಗುತ್ತದೆ. ಅಪರಾಧಕ್ಕೆ ಬಳಸಿ ವಶಪಡಿಸಿಕೊಂಡ ವಾಹನಕ್ಕೂ ಇದೇ ಕಲಮು ಅನ್ವಯಿಸುತ್ತದೆ. ಅಪಘಾತವಾಗಿದ್ದ ವಿಷಯವು ಮಾಂಸ ಸಾಗಿಸಿದ ಕ್ಷಣದಿಂದ ಬೇರೆಯೇ ಪ್ರಕರಣವಾಗುತ್ತದೆ. ಜಿಂಕೆಗಳು ವರ್ಷಕ್ಕೊಮ್ಮೆ ಕಳಚಿ ಬೀಳಿಸುವ ಕೊಂಬನ್ನು ಕಾಡಿನಿಂದ ಆಯ್ದು ತರುವುದಕ್ಕೂ ಅವಕಾಶವಿಲ್ಲ. 2022 ರಲ್ಲಿ ಅಂಗೀಕಾರವಾಗಿ 2023 ರ ಏಪ್ರಿಲ್ 1 ರಿಂದ ಜಾರಿಗೆ ಬಂದ ತಿದ್ದುಪಡಿಯು ಕಾಯಿದೆಯ ಸಾಮಾನ್ಯ ಉಲ್ಲಂಘನೆಗಳ ಗರಿಷ್ಠ ದಂಡವನ್ನು 25 ಸಾವಿರ ರೂಪಾಯಿಗಳಿಂದ ಒಂದು ಲಕ್ಷ ರೂಪಾಯಿಗಳಿಗೆ ಏರಿಸಿದೆ.

ಅಭಯಾರಣ್ಯದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಲು 27 ನೇ ಕಲಮಿನನ್ವಯ ಅನುಮತಿ ಬೇಕಾಗಿಲ್ಲ. ಈ ಅವಕಾಶವು ಹಾದುಹೋಗುವುದಕ್ಕೆ ಮಾತ್ರ. ನಿಂತು ಊಟ ಮಾಡುವುದಕ್ಕಾಗಲಿ, ಕಾಡಿನೊಳಗೆ ಅಡ್ಡಾಡುವುದಕ್ಕಾಗಲಿ ಅಲ್ಲ. ಪ್ರಾಣಿಗಳನ್ನು ಕೆಣಕುವುದನ್ನು ಮತ್ತು ಕಸ ಎಸೆಯುವುದನ್ನು ಅದೇ ಕಲಮು ನಿಷೇಧಿಸಿದೆ.

ರಾತ್ರಿ ಸಂಚಾರ ನಿರ್ಬಂಧ

ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ ಸಂಖ್ಯೆ 212) ಮತ್ತು ಊಟಿಯ ಕಡೆಗೆ ಹೋಗುವ ಹೆದ್ದಾರಿ 181 (ಹಿಂದಿನ ಸಂಖ್ಯೆ 67) ಗಳಲ್ಲಿ ರಾತ್ರಿ 9 ರಿಂದ ಬೆಳಗ್ಗೆ 6 ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಲಾಗಿದೆ. ಚಾಮರಾಜನಗರ ಜಿಲ್ಲಾಡಳಿತವು 2009 ರಲ್ಲಿ ಹೊರಡಿಸಿದ ಈ ಆದೇಶವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2010 ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಹಾಗೂ ನಿಗದಿತ ಸಂಖ್ಯೆಯ ಬಸ್ಸುಗಳಿಗೆ ವಿನಾಯಿತಿಯಿದೆ. ನಾಗರಹೊಳೆಯ ಅಂಚಿನಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯನ್ನು ಸಂಜೆ 6 ರಿಂದ ಬೆಳಗ್ಗೆ 6 ರವರೆಗೆ ಮುಚ್ಚಲಾಗುತ್ತದೆ. ರಾತ್ರಿ ಪ್ರಯಾಣ ಅನಿವಾರ್ಯವಾದವರು ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವನ್ನು ಬಳಸಬಹುದು.

ನಿರ್ಬಂಧದ ಗಡುವಿಗೆ ಮುಂಚೆ ಗೇಟು ದಾಟಬೇಕೆಂಬ ಆತುರದಲ್ಲಿ ವಾಹನಗಳನ್ನು ವೇಗವಾಗಿ ಓಡಿಸುವುದು ನಿರ್ಬಂಧದ ಉದ್ದೇಶಕ್ಕೇ ವಿರುದ್ಧವಾದುದು. ಕತ್ತಲಾದ ಮೇಲಿನ ಆ ಹೊತ್ತಿನಲ್ಲಿ ಪ್ರಾಣಿಗಳ ಓಡಾಟ ಹೆಚ್ಚಿರುತ್ತದೆ. ಗೇಟು ಮುಚ್ಚಲು ಕನಿಷ್ಠ ಒಂದು ಗಂಟೆ ಮುಂಚೆ ಕಾಡನ್ನು ಪ್ರವೇಶಿಸುವಂತೆ ಪ್ರಯಾಣವನ್ನು ಯೋಜಿಸಿಕೊಳ್ಳುವುದು ಸೂಕ್ತ.

ವಾಹನ ವಿಮೆ

ಪ್ರಾಣಿಗೆ ಡಿಕ್ಕಿಯಾಗಿ ಸ್ವಂತ ವಾಹನಕ್ಕಾದ ನಷ್ಟವು ಸಮಗ್ರ ವಿಮೆ ಇದ್ದಲ್ಲಿ ಮಾತ್ರ ದೊರೆಯುತ್ತದೆ. ಮೂರನೇ ವ್ಯಕ್ತಿಯ ವಿಮೆಯಲ್ಲಿ ದೊರೆಯುವುದಿಲ್ಲ. ವಿಮಾ ಕಂಪನಿಗೆ ಆದಷ್ಟು ಬೇಗ ತಿಳಿಸಿ, ಅರಣ್ಯ ಅಥವಾ ಪೊಲೀಸ್ ಇಲಾಖೆಗೆ ನೀಡಿದ ಮಾಹಿತಿಯ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ತಪಾಸಣೆಯಾಗುವವರೆಗೆ ವಾಹನವನ್ನು ತೊಳೆಯಬಾರದು; ಅದಕ್ಕೆ ಅಂಟಿದ ಕೂದಲು ಮತ್ತು ರಕ್ತದ ಕಲೆಗಳೇ ಘಟನೆಗೆ ಸಾಕ್ಷ್ಯ. ರೇಡಿಯೇಟರ್ ಒಡೆದು ನೀರು ಸೋರುತ್ತಿದ್ದರೆ ಹತ್ತಿರದ ಸುರಕ್ಷಿತ ಜಾಗವನ್ನು ಮೀರಿ ಎಂಜಿನ್ ಚಾಲನೆ ಮಾಡಬಾರದು. ಹಾಗೆ ಓಡಿಸಿ ಎಂಜಿನ್ ಸುಟ್ಟಲ್ಲಿ, ಅದು ಡಿಕ್ಕಿಯಿಂದ ನೇರವಾಗಿ ಆದ ಹಾನಿಯಲ್ಲವೆಂದು ಆ ಭಾಗದ ಪರಿಹಾರವನ್ನು ವಿಮಾ ಕಂಪನಿಯು ನಿರಾಕರಿಸಬಹುದು.