ಶಿಷ್ಯನ ಹಾದಿಯನ್ನು ಕಂಡ ಗುರು

ಹಂಪೆಯ ಹರಿಹರ ಮಹಾಕವಿಗೂ ಆತನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನಿಗೂ ಸಂಬಂಧಿಸಿದ ಐತಿಹ್ಯವೊಂದು ಶರಣಸಾಹಿತ್ಯದ ಪರಿಚಯವುಳ್ಳ ಭಕ್ತಮಹಾಶಯರಿಗೆ ಹೊಸದಲ್ಲ. ಶಿಷ್ಯನು ಹರಿಶ್ಚಂದ್ರನ ಕಥೆಯನ್ನು ಕಾವ್ಯವಾಗಿ ರಚಿಸಿ ತಂದಾಗ, ಹರನನ್ನೂ ಹರಶರಣರನ್ನೂ ಬಿಟ್ಟು ಮರ್ತ್ಯನಾದ ಅರಸನನ್ನು ಹೊಗಳಿದನೆಂದು ಗುರುವು ಮುನಿದು ಪಾದುಕೆಯಿಂದ ಹೊಡೆಯಲು ಐದು ಹಲ್ಲುಗಳು ಉದುರಿದುವಂತೆ. ಬಳಿಕ ಶಿಷ್ಯನು ಶಿವಮಹಿಮೆಯನ್ನೂ ಶರಣರ ಚರಿತ್ರೆಯನ್ನೂ ಹಾಡಿ ಐದು ಕೃತಿಗಳನ್ನು ರಚಿಸಲಾಗಿ ಆ ಹಲ್ಲುಗಳು ಮರಳಿ ಬಂದುವಂತೆ. ಇದು ನಡೆದದ್ದೋ ಕಟ್ಟಿದ್ದೋ ಎಂಬ ವಾದವು ಹಾಗಿರಲಿ. ಕಥೆಯ ಒಡಲಲ್ಲಿರುವ ಪ್ರಶ್ನೆಯು ಮಾತ್ರ ನಿಜವಾದದ್ದು: ಪ್ರಾಯಕ್ಕೆ ಬಂದ, ಬುದ್ಧಿಯುಳ್ಳ ಶಿಷ್ಯನು ಯಾವ ಹಾದಿಯನ್ನು ಹಿಡಿಯಬೇಕೆಂಬ ವಿಷಯದಲ್ಲಿ ಗುರುವಿನ ಕೈ ಎಷ್ಟು ದೂರ ಚಾಚಬಹುದು? ಹರಿಶ್ಚಂದ್ರಕಾವ್ಯವನ್ನಂತೂ ಕನ್ನಡ ನಾಡು ಇಂದಿಗೂ ಕೈಬಿಟ್ಟಿಲ್ಲ.

ಮಠದ ಪಾಠಶಾಲೆಯಲ್ಲಿ ಗುರುಶಿಷ್ಯಭಾವವು ಕಟ್ಟಡದೊಡನೆಯೇ ಬಂದದ್ದು. ಒಂದೇ ಸೂರಿನ ಕೆಳಗೆ ಊಟ, ನಿದ್ರೆ, ಪಾಠ. ಹುಡುಗನ ಒಲವು ಎತ್ತಕಡೆಗಿದೆಯೆಂಬುದು ಗುರುವಿಗೆ ಕೇಳದೆಯೇ ತಿಳಿಯುತ್ತದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಈ ನಾಡಿನ ವಿದ್ಯಾರ್ಥಿಗಳಿಗೆ ಒದಗಿದ ವ್ಯವಸ್ಥೆಯೇ ಬೇರೆ. ಅಲ್ಲಿ ಗಂಟೆ ಬಾರಿಸಿದೊಡನೆ ಅಧ್ಯಾಪಕರು ಬಂದು ಪಾಠ ಹೇಳಿ ಹೋಗುವರು. ಯಾವ ವಿಷಯವನ್ನು ಆರಿಸಿಕೊಳ್ಳಬೇಕು, ಪದವಿಯಾದ ಮೇಲೆ ಯಾವ ವೃತ್ತಿಗೆ ಮನಸ್ಸು ಕೊಡಬೇಕು ಎಂಬುದನ್ನು ಹಳ್ಳಿಯಿಂದ ಬಂದ ಹುಡುಗನು ಅರ್ಜಿಯ ಕಾಗದದ ಮುಂದೆ ಒಬ್ಬನೇ ಕುಳಿತು ನಿಶ್ಚಯಿಸಬೇಕು. ಮನೆಯಲ್ಲಿ ಕೇಳೋಣವೆಂದರೆ ಹಿರಿಯರು ಕಾಲೇಜಿನ ಮುಖವನ್ನೇ ಕಂಡವರಲ್ಲ. ಅಂಥ ವಿದ್ಯಾರ್ಥಿಗೆ ಗುರುವೊಬ್ಬನು ದೊರೆತರೆ ಅದು ಸುಕೃತವೆನ್ನಬೇಕು, ನಿಯಮದಿಂದ ದೊರೆಯತಕ್ಕದ್ದಲ್ಲ.

ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಪುಟ್ಟಪ್ಪನವರಿಗೆ ಆ ಸುಕೃತವಿದ್ದಿತು. 1904ರಲ್ಲಿ ಜನಿಸಿ, ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡು, ಓದಿಗೆಂದು ಮೈಸೂರಿಗೆ ಬಂದ ಈ ತರುಣರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಆ ಕವಿತೆಗಳನ್ನು ಅವರಿಗೆ ತೋರಿಸಲಾಗಿ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂಬ ಸಲಹೆ ಬಂದಿತು. ಹುಡುಗನಿಗೆ ಆ ಕ್ಷಣದಲ್ಲಿ ಅದು ರುಚಿಸಲಿಲ್ಲ. ಆದರೂ ಮಾತು ನಾಟಿತು. ಮರುವರ್ಷಗಳಲ್ಲಿ ಕಾಯಿಲೆ ಬಿದ್ದ ಪುಟ್ಟಪ್ಪನವರನ್ನು ಶ್ರೀ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆಶ್ರಮಕ್ಕೆ ಕರೆತಂದು ಇರಿಸಿಕೊಂಡರು. ಸುಮಾರು ಹತ್ತು ವರ್ಷ ಅದೇ ಮನೆಯಾಯಿತು. ಭಾಷೆಯನ್ನು ತೋರಿದವರು ಒಬ್ಬರು, ನೆಲೆಯನ್ನು ಕೊಟ್ಟವರು ಇನ್ನೊಬ್ಬರು. ವೃತ್ತಿಯ ಪ್ರಶ್ನೆ ಉಳಿದಿತ್ತು.

ಅದು ಇದಿರಾದದ್ದು 1927ರಲ್ಲಿ. ಬಿ.ಎ. ಪದವಿಯಾಗಿತ್ತು. ಪುಟ್ಟಪ್ಪನವರ ಮನಸ್ಸು ತತ್ತ್ವಶಾಸ್ತ್ರದ ಕಡೆಗಿದ್ದಿತು. ಆಶ್ರಮವಾಸಿಗೆ ಅದು ಸಹಜವೇ. ಅದೇ ವರ್ಷ ವಿಶ್ವವಿದ್ಯಾನಿಲಯವು ಕನ್ನಡದಲ್ಲಿ ಎಂ.ಎ. ತರಗತಿಯನ್ನು ಮೊಟ್ಟಮೊದಲಿಗೆ ತೆರೆಯಿತು. ಇಂದಿನ ಓದುಗರಿಗೆ ಇದರಲ್ಲಿ ಸಂದಿಗ್ಧವೇನೂ ಕಾಣದಿರಬಹುದು. ಆ ಕಾಲದ ಸ್ಥಿತಿಯನ್ನು ನೆನೆಯಬೇಕು. ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಪಂಡಿತರೆಂದರೆ ಸಂಬಳದಲ್ಲಿಯೂ ಮರ್ಯಾದೆಯಲ್ಲಿಯೂ ಕಡೆಯ ಪಂಕ್ತಿ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ದೊರೆಯುವ ಗೌರವವು ಗೊತ್ತಿದ್ದದ್ದು. ಕನ್ನಡದಲ್ಲಿ ಎಂ.ಎ. ಮಾಡಿದವನು ಮುಂದೆ ಏನಾಗುವನೆಂಬುದಕ್ಕೆ ತೋರಿಸಲು ಒಬ್ಬನೂ ಮುಂದೆ ನಡೆದಿರಲಿಲ್ಲ. ಆ ತರಗತಿಗೆ ಸೇರೆಂದು ಹೇಳುವವನು ಇನ್ನೊಬ್ಬರ ಮಗನ ಬಾಳನ್ನು ತನ್ನ ಮಾತಿನ ಮೇಲೆ ನಿಲ್ಲಿಸುತ್ತಿದ್ದಾನೆ.

ಹಾಗೆ ಹೇಳಿದವರು ತಳುಕಿನ ವೆಂಕಣ್ಣಯ್ಯನವರು. ಚಿತ್ರದುರ್ಗದ ಸೀಮೆಯ ಚಳ್ಳಕೆರೆಯ ಬಳಿಯ ತಳುಕು ಇವರ ಊರು; 1885ರಲ್ಲಿ ಜನನ; ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಅವರ ಮಾತಿಗೆ ಪುಟ್ಟಪ್ಪನವರು ಒಪ್ಪಿ ಕನ್ನಡ ತರಗತಿಯ ಮೊದಲ ತಂಡದಲ್ಲಿ ಸೇರಿದರು. 1929ರಲ್ಲಿ ಪದವಿ, ಅದೇ ವರ್ಷ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕವೃತ್ತಿ.

ಶರಣಪರಂಪರೆಯವರಿಗೆ ವೆಂಕಣ್ಣಯ್ಯನವರ ಹೆಸರು ಇನ್ನೊಂದು ಕಾರಣದಿಂದಲೂ ಪ್ರಿಯವಾದದ್ದು. ಹರಿಹರನ ಬಸವರಾಜದೇವರ ರಗಳೆಯನ್ನು ಶೋಧಿಸಿ ಅಚ್ಚಿಗೆ ಸಿದ್ಧಪಡಿಸಿದವರು ಅವರು. ರಾಘವಾಂಕನ ಸಿದ್ಧರಾಮಚರಿತ್ರದ ಸಂಪಾದನೆಯಲ್ಲಿ ಡಿ.ಎಲ್. ನರಸಿಂಹಾಚಾರ್ಯರೊಡನೆ, ಹರಿಶ್ಚಂದ್ರಕಾವ್ಯದ ಸಂಗ್ರಹದಲ್ಲಿ ಪ್ರಾಣಮಿತ್ರರಾದ ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ಅವರ ಹೆಸರು ಕೂಡಿದೆ. ಮುನಿದ ಗುರುವಿನ ಕಾವ್ಯವನ್ನೂ ಮುನಿಸಿಗೆ ಕಾರಣವಾದ ಶಿಷ್ಯಕಾವ್ಯವನ್ನೂ ಒಂದೇ ಕೈ ಅಷ್ಟೇ ಅಕ್ಕರೆಯಿಂದ ತಿದ್ದಿತೆಂಬುದು ಆ ಕೈಯ ಸ್ವಭಾವಕ್ಕೆ ಸಾಕ್ಷಿ.

ಇಷ್ಟು ಬಿಟ್ಟರೆ ವೆಂಕಣ್ಣಯ್ಯನವರು ತಮ್ಮ ಹೆಸರಿನಲ್ಲಿ ಬರೆದದ್ದು ಅತ್ಯಲ್ಪ. ಅಂಥ ಪಾಂಡಿತ್ಯವುಳ್ಳವರು ಇನ್ನಷ್ಟು ಬರೆಯಬೇಕಾಗಿತ್ತೆಂದು ಹಲವರಿಗೆ ತೋರುವುದು ನ್ಯಾಯವೇ. ಆದರೆ ತಾನು ಸಂಪಾದಕನಾದ ಗುರುವು ಶಿಷ್ಯನನ್ನೂ ಸಂಪಾದಕನನ್ನಾಗಿ ಮಾಡಲು ಹೋಗಲಿಲ್ಲವೆಂಬುದನ್ನು ಗಮನಿಸಬೇಕು. ತಾಳೆಯೋಲೆಯ ಪಾಠಾಂತರಗಳಲ್ಲಿ ಪುಟ್ಟಪ್ಪನವರನ್ನು ಕೂರಿಸಿದ್ದರೆ ಕನ್ನಡಕ್ಕೆ ಮತ್ತೊಬ್ಬ ವಿದ್ವಾಂಸರು ದೊರೆಯುತ್ತಿದ್ದರು. ಏನು ತಪ್ಪುತ್ತಿತ್ತೆಂದು ಹೇಳುವ ಅವಶ್ಯಕತೆಯಿಲ್ಲ. ಕಸಿನ್ಸ್ ಮಹಾಶಯರ ಸಲಹೆ ಒಂದು ದಿನದ್ದು. ವೆಂಕಣ್ಣಯ್ಯನವರದು ಹಾಗಲ್ಲ: ದಾರಿ ತೋರಿದ ಮೇಲೆ ಹನ್ನೆರಡು ವರ್ಷ, ತಮ್ಮ ಉಸಿರಿರುವವರೆಗೆ, ಆ ದಾರಿಯ ಪಕ್ಕದಲ್ಲಿಯೇ ನಿಂತಿದ್ದರು. ಸಲಹೆ ಕೊಡುವವರು ಲೋಕದಲ್ಲಿ ಹೇರಳ. ಕೊಟ್ಟ ಸಲಹೆಯ ಹೊಣೆಯನ್ನು ಹೊರುವವರು ವಿರಳ.

1936ರಲ್ಲಿ ಪುಟ್ಟಪ್ಪನವರು ಶ್ರೀ ರಾಮಾಯಣದರ್ಶನಂ ಮಹಾಕಾವ್ಯವನ್ನು ಆರಂಭಿಸಿದರು. ಅದು ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಗುರುಗಳು ಅದನ್ನು ಕಾಣಲಿಲ್ಲ. 1939ರಲ್ಲಿ ಲಿಂಗದೇಹಿಗಳಲ್ಲದಿದ್ದರೂ ಶರಣರ ಕಥೆಯನ್ನು ಕೈಯಾರೆ ಬೆಳಗಿಸಿದ ಆ ಪುಣ್ಯಜೀವಿಯು ಇಹವನ್ನು ಬಿಟ್ಟಿದ್ದರು. 1949ರಲ್ಲಿ ಗ್ರಂಥವು ಅಚ್ಚಾಗಿ ಹೊರಬರತೊಡಗಿದಾಗ ಅದರ ಮೊದಲಲ್ಲಿ ಪದ್ಯರೂಪವಾದ ಅರ್ಪಣೆಯಿದ್ದಿತು, ವೆಂಕಣ್ಣಯ್ಯನವರ ಹೆಸರಿಗೆ. ಮುಂದೆ ಬಂದ ಮನ್ನಣೆಗಳು ಸರ್ವವಿದಿತ: 1955ರಲ್ಲಿ ಸಾಹಿತ್ಯ ಅಕಾಡೆಮಿಯದು, 1967ರ ವರ್ಷಕ್ಕೆ ಜ್ಞಾನಪೀಠದ್ದು. ಕನ್ನಡ ಎಂ.ಎ. ಮಾಡಿದವನು ಏನಾಗುವನೆಂಬ 1927ರ ಪ್ರಶ್ನೆಗೆ 1956ರಲ್ಲಿ ಅದೇ ವಿಶ್ವವಿದ್ಯಾನಿಲಯವು ಉತ್ತರ ಕೊಟ್ಟಿತು. ಆ ವರ್ಷ ಪುಟ್ಟಪ್ಪನವರು ಅದರ ಉಪಕುಲಪತಿಗಳಾದರು.

ಆ ಕಾಲೇಜಿನಲ್ಲಿ ಪುಟ್ಟಪ್ಪನವರ ಮುಂದೆ ಕುಳಿತು ಪಾಠ ಕೇಳಿದವರಲ್ಲಿ ಶಿಕಾರಿಪುರದ ಕಡೆಯಿಂದ ಬಂದ ಜಿ.ಎಸ್. ಶಿವರುದ್ರಪ್ಪನವರೂ ಒಬ್ಬರು. ಅವರ ‘ಸೌಂದರ್ಯಸಮೀಕ್ಷೆ’ ಎಂಬ ಪ್ರಬಂಧಕ್ಕೆ ಮಾರ್ಗದರ್ಶಕರು ಪುಟ್ಟಪ್ಪನವರೇ; 1960ರಲ್ಲಿ ಅದಕ್ಕೆ ಡಾಕ್ಟರೇಟ್ ಪದವಿ ದೊರೆಯಿತು. ಶಿವರುದ್ರಪ್ಪನವರು ಗುರುವಿನ ಮಹಾಛಂದಸ್ಸನ್ನು ಹಿಡಿಯಲಿಲ್ಲ, ಮಹಾಕಾವ್ಯವನ್ನೂ ಬರೆಯಲಿಲ್ಲ. ತಿಳಿಗನ್ನಡದ ಭಾವಗೀತೆಯು ಅವರ ಹಾದಿಯಾಯಿತು. 2006ರಲ್ಲಿ ಅವರಿಗೆ ರಾಷ್ಟ್ರಕವಿಯೆಂಬ ಬಿರುದು ಬಂದಿತು. ಅದಕ್ಕೆ ಮುಂಚೆ ಕನ್ನಡದಲ್ಲಿ ಆ ಬಿರುದನ್ನು ಧರಿಸಿದ್ದವರು ಇಬ್ಬರೇ: ಮಂಜೇಶ್ವರದ ಗೋವಿಂದ ಪೈಗಳು ಮತ್ತು ಅವರ ಗುರುಗಳಾದ ಪುಟ್ಟಪ್ಪನವರು.