ಪ್ರಥಮ ಕನ್ನಡ ವಾಕ್ಚಿತ್ರದ ನಾಯಿಕೆ

ಕನ್ನಡ ವಾಕ್ಚಿತ್ರದ ಚರಿತ್ರೆಯನ್ನು 1934ನೆಯ ಇಸವಿ ಮಾರ್ಚಿ ತಿಂಗಳ 3ನೆಯ ತಾರೀಖಿನಿಂದ ಗಣಿಸುವುದು ವಾಡಿಕೆಯಾಗಿದೆ. ಆ ದಿನ ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಸಮೀಪದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ 'ಸತಿ ಸುಲೋಚನಾ' ತೆರೆಯನ್ನು ಕಂಡಿತು. ತೆರೆಯ ಮೇಲಣ ನೆರಳುಗಳು ಕನ್ನಡವನ್ನು ಆಡಿ ಹಾಡಿದುದನ್ನು ನಮ್ಮ ಜನರು ಕೇಳಿದ್ದು ಅಂದೇ ಮೊದಲು. ಸುಲೋಚನೆಯ ಪಾತ್ರವನ್ನು ವಹಿಸಿದಾಕೆ ತ್ರಿಪುರಾಂಬ.

ಚಮನ್‌ಲಾಲ್ ಡೂಂಗಾಜಿಯವರು ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಮೂಲಕ ಇದನ್ನು ನಿರ್ಮಿಸಿದರು, ವೈ. ವಿ. ರಾಯರು ನಿರ್ದೇಶಿಸಿದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತುಗಳನ್ನೂ ಹಾಡುಗಳನ್ನೂ ರಚಿಸಿಕೊಟ್ಟರು. ಸುಬ್ಬಯ್ಯ ನಾಯ್ಡುಗಳು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ಲಕ್ಷ್ಮೀಬಾಯಿಯವರು ಮಂಡೋದರಿ. ಧ್ವನಿಗ್ರಹಣಕ್ಕೆ ತಕ್ಕ ಸ್ಟುಡಿಯೋ ಬೆಂಗಳೂರಿನಲ್ಲಿ ಇಲ್ಲದಿದ್ದುದರಿಂದ ಚಿತ್ರೀಕರಣವು ಕೊಲ್ಹಾಪುರದಲ್ಲಿ ನಡೆಯಿತು. ನಮ್ಮ ಯಶವಂತಪುರವನ್ನು ಹಾದು, ಅರಸೀಕೆರೆ, ಹುಬ್ಬಳ್ಳಿ, ಮೀರಜೆಗಳ ಮಾರ್ಗವಾಗಿ ಆ ಊರನ್ನು ಮುಟ್ಟುವ ರೈಲುದಾರಿ ಆಗಲೇ ಇದ್ದಿತು. ಹೀಗೆ ಕನ್ನಡದ ಪ್ರಥಮ ವಾಕ್ಚಿತ್ರವು ಮಹಾರಾಷ್ಟ್ರದ ನೆಲದಲ್ಲಿ ಮಾತು ಕಲಿತು ಮನೆಗೆ ಬಂದಿತು.

ಸುಲೋಚನೆಯ ಕಥೆ ವಾಲ್ಮೀಕಿ ರಾಮಾಯಣದಲ್ಲಿಲ್ಲ; ಅನಂತರದ ಕಥೆಗಳಲ್ಲಿ, ನಾಟಕಗಳಲ್ಲಿ ಬೆಳೆದುಬಂದುದು. ಆದಿಶೇಷನ ಮಗಳಾದ ಆಕೆ, ಪತಿಯು ರಣದಲ್ಲಿ ಮಡಿದ ಮೇಲೆ ಶತ್ರುವಿನ ಶಿಬಿರಕ್ಕೆ ಹೋಗಿ ಶ್ರೀರಾಮನಿಂದ ಅವನ ಶಿರಸ್ಸನ್ನು ಬೇಡುತ್ತಾಳೆ. ಅಲ್ಲಿ ಆಕೆಗೆ ಶಸ್ತ್ರವಿಲ್ಲ, ಪರಿವಾರವಿಲ್ಲ, ಇರುವುದು ಮಾತೊಂದೇ. ಇಂಥ ಪಾತ್ರದ ಪ್ರಾಣವು ಕಂಠದಲ್ಲಿಯೇ ನೆಲಸಿರುತ್ತದೆಂಬುದನ್ನು ರಸಿಕರು ಬಲ್ಲರು.

ಆ ಕಂಠವೂ ನಟಿಯದೇ ಆಗಿರಬೇಕಾಗಿತ್ತು. ಹಿನ್ನೆಲೆಗಾಯನದ ಪದ್ಧತಿಯು ನಮ್ಮ ದೇಶದ ಚಿತ್ರಗಳಿಗೆ ಕಾಲಿಟ್ಟದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರ 'ಧೂಪ್ ಛಾಂವ್' ಚಿತ್ರದಲ್ಲಿ. ಅದಕ್ಕೆ ಮುಂಚೆ, ಕ್ಯಾಮೆರಾ ನಡೆಯುತ್ತಿರುವಾಗಲೇ ಪಾತ್ರಧಾರಿಯು ಅಭಿನಯಿಸುತ್ತ ಹಾಡಬೇಕು. ವಾದ್ಯದವರು ಕಣ್ಣಿಗೆ ಬೀಳದಂತೆ ಮರೆಯಲ್ಲಿರಬೇಕು. ಒಂದು ಸ್ವರ ಜಾರಿದರೆ ಅಭಿನಯವೂ ಮೊದಲಿನಿಂದಲೇ ಆಗಬೇಕು. ನಾಟಕಶಾಲೆಯಲ್ಲಿ ಕೊನೆಯ ಬೆಂಚಿನವನಿಗೂ ಕೇಳುವಂತೆ ಕಂಠವೆತ್ತುವ ವಿದ್ಯೆ ಬೇರೆ, ಮೈಕಿನ ಸನಿಹದಲ್ಲಿ ಅದನ್ನು ಅಡಗಿಸುವ ವಿದ್ಯೆ ಬೇರೆ. ಕನ್ನಡದಲ್ಲಿ ಆ ಎರಡನೆಯ ವಿದ್ಯೆಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟವರಲ್ಲಿ ತ್ರಿಪುರಾಂಬ ಒಬ್ಬಾಕೆ.

ಆದರೆ ಇಂದು ಆ ಚಿತ್ರದ ಪ್ರತಿಯೇ ಉಳಿದಿಲ್ಲ. ಅಂದಿನ ನೈಟ್ರೇಟ್ ಫಿಲ್ಮು ಬೇಗನೆ ಹೊತ್ತಿಕೊಳ್ಳುವ, ತಾನಾಗಿಯೇ ಕೊಳೆಯುವ ಸ್ವಭಾವದ್ದು. ಬೆಳ್ಳಿಯ ಆಶೆಗಾಗಿ ಹಳೆಯ ಸುರುಳಿಗಳನ್ನು ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಭಂಡಾರವು ಸ್ಥಾಪಿತವಾದದ್ದು 1964ರಲ್ಲಿ, ಎಂದರೆ ಮೂವತ್ತು ವರ್ಷ ತಡವಾಗಿ. ಲಕ್ಷ್ಮೀಬಾಯಿಯವರು 1941ರ 'ವಸಂತಸೇನಾ', 1943ರ 'ಸತ್ಯ ಹರಿಶ್ಚಂದ್ರ' ಚಿತ್ರಗಳಲ್ಲಿಯೂ ಕಾಣಿಸಿಕೊಂಡರು. ನಾಗೇಂದ್ರರಾಯರು ಇನ್ನೂ ದೀರ್ಘಕಾಲ ದುಡಿದರು. ತ್ರಿಪುರಾಂಬಳ ಕೀರ್ತಿಯಾದರೋ ಈ ಒಂದು ಚಿತ್ರವನ್ನೇ ಮುಖ್ಯವಾಗಿ ಆಶ್ರಯಿಸಿತ್ತು. ಆಶ್ರಯವು ಕುಸಿಯಲು ಹೆಸರು ಮಾತ್ರ ಉಳಿಯಿತು.

ಶಾಸನವೊಂದು ಒಡೆದರೆ ನಾವು ಮರುಗುತ್ತೇವೆ, ತಾಳೆಗರಿಗೆ ಗೆದ್ದಲು ಹಿಡಿದರೆ ಹಲುಬುತ್ತೇವೆ. ಆದಿಕಾಲದ ಚಿತ್ರಗಳ ಹಾಡಿನ ಪುಸ್ತಕ, ಕರಪತ್ರ, ಭಾವಚಿತ್ರಗಳು ಅವುಗಳಿಗಿಂತ ಕೀಳಲ್ಲ. ಇಂಥವು ವಾಚಕರ ಮನೆಯ ಅಟ್ಟದ ಮೇಲಿದ್ದರೆ ರದ್ದಿಗೆ ಹಾಕದೆ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ನನ್ನ ಪ್ರಾರ್ಥನೆ. ಕಂಠವನ್ನಂತೂ ಕಳೆದುಕೊಂಡೆವು, ಕಾಗದವನ್ನಾದರೂ ಕಾಯ್ದುಕೊಳ್ಳೋಣ.