ತಂತಿಯ ದಪ್ಪವೂ ಬೇವಿನ ಮರದ ಕೆಳಗಿನ ಶ್ರೋತೃಗಳೂ

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಗ್ರಾಮದಲ್ಲಿ ನಡೆದ ಹರಿಕಥೆಗೆ ನಾವು ಹೋಗಿದ್ದೆವು. ದಾಸರ ಕಂಠವು ಶುದ್ಧವಾಗಿತ್ತು, ಕಥೆಯೂ ರುಚಿಕಟ್ಟಾಗಿ ಸಾಗಿತ್ತು. ಗುಡಿಯ ಮುಂದಣ ಚಪ್ಪರದಲ್ಲಿ ಕುಳಿತಿದ್ದ ಊರಿನ ಹಿರಿಯರು ತಲೆದೂಗುತ್ತಿದ್ದರು. ಆದರೆ ಅಲ್ಲಿಂದ ಸುಮಾರು 100 ಮೀಟರುಗಳಾಚೆ, ಬೇವಿನ ಮರದ ಕೆಳಗೆ ಕುಳಿತಿದ್ದ ಹೆಂಗಸರಿಗೂ, ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ದುಡಿದು ತಡವಾಗಿ ಬಂದ ಕೂಲಿಯವರಿಗೂ ಮರದ ಮೇಲಿನ ಹಾರ್ನಿನಿಂದ ಒಂದು ಗೊಣಗಾಟವಲ್ಲದೆ ಬೇರೇನೂ ಕೇಳಿಬರುತ್ತಿರಲಿಲ್ಲ. ಚಪ್ಪರದಲ್ಲಿ ನಗೆಯೆದ್ದಾಗ ಇಲ್ಲಿ "ಏನಂದರಂತೆ?" ಎಂಬ ಪ್ರಶ್ನೆ ಒಬ್ಬರಿಂದೊಬ್ಬರಿಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವರಲ್ಲಿ ಅರ್ಧ ಜನ ಎದ್ದು ಮನೆಗೆ ಹೊರಟುಹೋದರು.

ಮರುದಿನ ಸಮಿತಿಯವರು ಸಭೆ ಸೇರಿದರು. ಪಟ್ಟಣದ ವ್ಯಾಪಾರಿಯೊಬ್ಬನು, ವಿದೇಶದಿಂದ ಬಂದ ವಿಶೇಷ ತಂತಿಯನ್ನೇ ಎಳೆಯಬೇಕು, ಅದರಿಂದ ಮಾತ್ರವೇ ಧ್ವನಿಯು ಕೆಡದೆ ಹೋಗುವುದು ಎಂದು ಹೇಳಿದ್ದನಂತೆ. ಅದರ ಬೆಲೆಗೆ ಗುಡಿಯ ಮಾಡನ್ನೇ ಹೊಸದಾಗಿ ಹೊದಿಸಬಹುದಾಗಿತ್ತು. ಹಿರಿಯರೊಬ್ಬರು ನಮ್ಮ ಕಡೆ ತಿರುಗಿ, "ಮೇಷ್ಟ್ರೇ, ತಂತಿ ತಂತಿಗೂ ಅಷ್ಟೊಂದು ಭೇದ ಉಂಟೇ?" ಎಂದು ಕೇಳಿದರು. ನಾವು ಚರಿತ್ರೆಯನ್ನು ಬೋಧಿಸುವವರೇ ಹೊರತು ವಿದ್ಯುತ್ತಿನ ಪಂಡಿತರಲ್ಲ. ಆದರೂ ಈ ಪ್ರಶ್ನೆಗೆ ಒಂದು ಚರಿತ್ರೆ ಇರುವುದರಿಂದ ಉತ್ತರವನ್ನು ಅಲ್ಲಿಯೇ ಹುಡುಕಿದೆವು.

ತಂತಿಯು ತನ್ನ ಮೂಲಕ ಹರಿಯುವ ವಿದ್ಯುತ್ಪ್ರವಾಹಕ್ಕೆ ಅಡ್ಡಿಯನ್ನೊಡ್ಡುತ್ತದೆ. ಈ ಅಡ್ಡಿಗೂ ಪ್ರವಾಹಕ್ಕೂ ಇರುವ ಲೆಕ್ಕವನ್ನು ಜರ್ಮನಿಯ ಓಮನು 1827ರಲ್ಲಿ ಪ್ರಕಟಿಸಿದನು. ತಂತಿಯು ಉದ್ದವಾದಷ್ಟೂ ಅಡ್ಡಿಯು ಹೆಚ್ಚು, ದಪ್ಪವಾದಷ್ಟೂ ಕಡಮೆ. ಲೋಹವೂ ಲೆಕ್ಕಕ್ಕೆ ಬರುತ್ತದೆ: ತಾಮ್ರದಷ್ಟೇ ಗಾತ್ರದ ಅಲ್ಯೂಮಿನಿಯಂ ತಂತಿಯ ಅಡ್ಡಿಯು ಅದರ ಒಂದೂವರೆ ಪಟ್ಟಿಗೂ ಮಿಗಿಲು, ಕಬ್ಬಿಣದ್ದು ಸುಮಾರು ಆರು ಪಟ್ಟು.

ಇದನ್ನು ಅಲಕ್ಷ್ಯ ಮಾಡಿದುದಕ್ಕೆ ತೆತ್ತ ಬೆಲೆಯು ಸಣ್ಣದಲ್ಲ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿಯನ್ನು ಹಾಸಿದಾಗ ಅದರಲ್ಲಿ ಪ್ರತಿ ನಾವಿಕ ಮೈಲಿಗೆ 107 ಪೌಂಡು ತಾಮ್ರವಿತ್ತು. ವಿಲಿಯಂ ಥಾಮ್ಸನ್ ಎಂಬ ಪ್ರಾಧ್ಯಾಪಕನು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, ತಾಮ್ರವು ಇನ್ನೂ ದಪ್ಪವಾಗಿರಬೇಕೆಂದೂ, ಒಬ್ಬೊಬ್ಬರು ತಯಾರಿಸಿದ ತಾಮ್ರದ ವಾಹಕಶಕ್ತಿಯು ಒಂದೊಂದು ಬಗೆಯಾಗಿರುವುದರಿಂದ ಪರೀಕ್ಷಿಸಿಯೇ ಕೊಳ್ಳಬೇಕೆಂದೂ ವಾದಿಸಿದ್ದನು. ಕಂಪನಿಯ ವಿದ್ಯುತ್ ಅಧಿಕಾರಿಯಾಗಿದ್ದ ವೈಟ್‌ಹೌಸನು ವೃತ್ತಿಯಿಂದ ಶಸ್ತ್ರವೈದ್ಯ. ಥಾಮ್ಸನ್ನನ ಮಾತು ಅವನಿಗೆ ರುಚಿಸಲಿಲ್ಲ. ಸಂದೇಶಗಳು ಮಂದವಾದಾಗ ಅವನು ಸುಮಾರು 2,000 ವೋಲ್ಟುಗಳ ಒತ್ತಡವನ್ನು ಹಾಕಿದನು. ಮೊದಲೇ ದುರ್ಬಲವಾಗಿದ್ದ ತಂತಿಯು ಕೆಲವೇ ವಾರಗಳಲ್ಲಿ ಮೂಕವಾಯಿತು. 1866ರಲ್ಲಿ ಜಯ ತಂದ ತಂತಿಯಲ್ಲಿ ಮೈಲಿಗೆ 300 ಪೌಂಡು ತಾಮ್ರವಿತ್ತು.

ನಮ್ಮ ನಾಡಿನ ಉದಾಹರಣೆಯು ಇದಕ್ಕಿಂತ ಹೃದ್ಯವಾದುದು. ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲಿಂದ ಧುಮುಕುವ ಕಾವೇರಿಯೇ ಮುಂದೆ ಶಿವನಸಮುದ್ರದಲ್ಲಿಯೂ ಧುಮುಕುತ್ತದೆ. ಅಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವ ಯೋಜನೆಯನ್ನು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡರು. ಅಷ್ಟು ದೂರಕ್ಕೆ ಕಡಮೆ ಒತ್ತಡದಲ್ಲಿ ಶಕ್ತಿಯನ್ನು ಕಳುಹಿಸುವುದಾದರೆ ತೊಲೆಯಷ್ಟು ದಪ್ಪದ ತಾಮ್ರವೂ ಸಾಲದು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯು ಪ್ರವಾಹದ ವರ್ಗವನ್ನು ಅನುಸರಿಸುವುದೇ ಇದಕ್ಕೆ ಕಾರಣ. ಒತ್ತಡವನ್ನು ನೂರು ಪಟ್ಟು ಏರಿಸಿದರೆ ಅದೇ ಶಕ್ತಿಗೆ ನೂರರಲ್ಲೊಂದು ಪಾಲು ಪ್ರವಾಹ ಸಾಕು. ನಷ್ಟವೋ ಹತ್ತು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. 1902ರ ಜೂನ್ 30ರಂದು ಸುಮಾರು 35,000 ವೋಲ್ಟುಗಳ ಒತ್ತಡದಲ್ಲಿ ಶಕ್ತಿಯು ಗಣಿಗಳನ್ನು ಮುಟ್ಟಿತು. ಅದನ್ನು ನೋಡಲು ದಿವಾನರು ಉಳಿದಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು.

ವೈಟ್‌ಹೌಸನ ತಂತಿಯನ್ನು ಕೊಂದ ಒತ್ತಡವೇ ಇಲ್ಲಿ ಉಪಕಾರಿಯಾಯಿತಲ್ಲ ಎಂದು ವಾಚಕರು ಕೇಳಬಹುದು. ಅಲ್ಲಿ ತಂತಿಯ ಹೊದಿಕೆಯು ಆ ಒತ್ತಡವನ್ನು ತಡೆಯುವಷ್ಟು ಗಟ್ಟಿಯಾಗಿರಲಿಲ್ಲ; ಇಲ್ಲಿ ಪಿಂಗಾಣಿಯ ಆಧಾರಗಳ ಮೇಲೆ ತಂತಿಯು ಗಾಳಿಯಲ್ಲಿ ತೂಗುತ್ತಿತ್ತು.

ಇನ್ನು ಗ್ರಾಮದ ಹಾರ್ನಿಗೆ ಬರೋಣ. ಅದರ ಅಡ್ಡಿ 8 ಓಮ್. ಎಳೆದಿದ್ದುದು ಮುಕ್ಕಾಲು ಚದರ ಮಿಲಿಮೀಟರಿನ ತಾಮ್ರದ ತಂತಿ. ಹೋಗಿಬರುವ ಎರಡು ಎಳೆಗಳೂ ಸೇರಿ ಉದ್ದ 200 ಮೀಟರು, ಅಡ್ಡಿ ಸುಮಾರು 4.6 ಓಮ್. ಎಂದರೆ ಆ ಮಾರ್ಗವು ಸೆಳೆದುಕೊಂಡ ಶಕ್ತಿಯಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ದಾರಿಯಲ್ಲಿಯೇ ಆವಿಯಾಗುತ್ತಿತ್ತು. ಸಾಲದುದಕ್ಕೆ ನಡುವೆ ತುಂಡಾದ ಕಡೆ ಯಾರೋ ತುಕ್ಕು ಹಿಡಿದ ಬೇಲಿತಂತಿಯಿಂದ ಗಂಟು ಹಾಕಿದ್ದರು. ಆ ಗಂಟನ್ನು ಕಂಡಾಗ ನಮಗೆ ನಗು ಬಂದಿತು. ಸಮಿತಿಯ ಕಾರ್ಯದರ್ಶಿಗೆ ಬರಲಿಲ್ಲ.

ವಿದೇಶದ ತಂತಿಯು ಈ ರೋಗಕ್ಕೆ ಮದ್ದಲ್ಲ. ಧ್ವನಿವರ್ಧಕ ಯಂತ್ರದ ಹಿಂಬದಿಯಲ್ಲಿ 100 ವೋಲ್ಟು ಎಂದು ಗುರುತು ಮಾಡಿದ್ದ ತಿರುಪನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಹಾರ್ನಿನ ಬಳಿ ಚಿಕ್ಕದೊಂದು ಟ್ರಾನ್ಸ್‌ಫಾರ್ಮರನ್ನು ಕಟ್ಟಿ ಈ ತಿರುಪಿನಿಂದ ತಂತಿಯನ್ನು ಎಳೆದರೆ, 20 ವ್ಯಾಟಿನ ಹಾರ್ನು 500 ಓಮಿನಂತೆ ವರ್ತಿಸುತ್ತದೆ. ಆಗ ಅದೇ ತಂತಿಯಲ್ಲಿ ಆಗುವ ನಷ್ಟವು ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಶಿವನಸಮುದ್ರದ ಉಪಾಯವೇ ಇದು. ಮೈಕ್ ಸೆಟ್ಟಿನ ಹುಡುಗನಿಗೆ ಹೇಳಿದೊಡನೆ ಅವನು, "ಆ ತಿರುಪು ಇದಕ್ಕಾ ಸಾರ್?" ಎಂದನು. ಇಷ್ಟು ಒತ್ತಡವಿರುವಾಗ ಬರಿಗೈಯಿಂದ ತಂತಿಯ ತುದಿಯನ್ನು ಮುಟ್ಟಬಾರದೆಂಬುದನ್ನೂ ಅವನಿಗೆ ಹೇಳಿದೆವು.

ಮನೆಯಲ್ಲಿ ತಾವೇ ಧ್ವನಿಪೆಟ್ಟಿಗೆಗೆ ತಂತಿ ಜೋಡಿಸಿಕೊಳ್ಳುವ ತರುಣರು ಹುಣಸೂರಿನಲ್ಲಿಯೂ ಹೆಗ್ಗಡದೇವನಕೋಟೆಯಲ್ಲಿಯೂ ಈಗ ಅನೇಕರಿದ್ದಾರೆ. ಕೋಣೆಯೊಳಗಿನ 5 ಮೀಟರು ದೂರಕ್ಕೆ ಒಂದು ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿಯ ಅಡ್ಡಿಯು ಹೋಗಿಬಂದು 0.17 ಓಮ್ ಮಾತ್ರ. 8 ಓಮಿನ ಮುಂದೆ ಅದು ಎಷ್ಟರದು? ಒಂದೂವರೆ ಅಥವಾ ಎರಡೂವರೆ ಚದರ ಮಿಲಿಮೀಟರಿನದನ್ನು ಕೊಂಡರೆ ಸಂದೇಹವೇ ಉಳಿಯದು. ಪಾಶ್ಚಾತ್ಯ ದೇಶಗಳಲ್ಲಿಯೂ ಬಹುಕಾಲ ದೀಪದ ತಂತಿಯನ್ನೇ ಬಳಸುತ್ತಿದ್ದರು; 1979ರಲ್ಲಿ ನೋಯೆಲ್ ಲೀ ಎಂಬಾತನು ಅಮೆರಿಕದಲ್ಲಿ ಮಾನ್‌ಸ್ಟರ್ ಕೇಬಲ್ ಸಂಸ್ಥೆಯನ್ನು ಆರಂಭಿಸಿದ ಮೇಲೆ ತಂತಿಯೇ ಒಂದು ಭೋಗವಸ್ತುವಾಗಿ ಬೆಳೆಯಿತು. ದಪ್ಪ ತಂತಿಯು ಒಳ್ಳೆಯದೆಂಬ ಮಾತು ದಿಟ. ಸಾಕಷ್ಟು ದಪ್ಪವಾದ ಮೇಲೆ ಬೆಲೆಯೇರಿದಂತೆ ನಾದವೂ ಏರುವುದೆಂಬುದನ್ನು ನಾವು ಒಪ್ಪಲಾರೆವು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪವನ್ನು ಕೊಟ್ಟು ಮಾರುವುದುಂಟು. ಚಾಕುವಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಬಾನುಲಿಯನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿಯು 30 ವ್ಯಾಟು ಮಾತ್ರ ಎಂಬುದನ್ನು ಸಮಿತಿಯವರಿಗೆ ಹೇಳಿದಾಗ ಅವರು ತಮ್ಮ ಯಂತ್ರವನ್ನು ಮತ್ತೊಮ್ಮೆ ತಿರುಗಿ ನೋಡಿದರು. ಅದು 120 ವ್ಯಾಟಿನದು.

ಹಣವು ಉಳಿಯಿತು. ಬೇಲಿತಂತಿಯ ಗಂಟನ್ನು ಬಿಚ್ಚಿ ತಾಮ್ರಕ್ಕೆ ತಾಮ್ರವನ್ನು ಬೆಸೆದರು. ಟ್ರಾನ್ಸ್‌ಫಾರ್ಮರನ್ನು ಮರಕ್ಕೆ ಕಟ್ಟಿದರು. ಮುಂದಿನ ಹರಿಕಥೆಯ ರಾತ್ರಿ ನಾವು ಚಪ್ಪರವನ್ನು ಬಿಟ್ಟು ಬೇವಿನ ಮರದ ಕೆಳಗೆ ಹೋಗಿ ಕುಳಿತೆವು. ದಾಸರು ಕೃಷ್ಣನ ಬೆಣ್ಣೆಗಳ್ಳತನವನ್ನು ವರ್ಣಿಸುತ್ತಿದ್ದಾಗ ನಮ್ಮ ಪಕ್ಕದ ಮುದುಕಿಯೊಬ್ಬಳು ಚಪ್ಪರದವರಿಗಿಂತ ಮೊದಲೇ ನಕ್ಕಳು.